ಅಕ್ಕನ ಮಾತು ಕೇಳುವ ಮಿಷಿನ್ನು

ಪೀಣ್ಯದಲ್ಲಿ ನಮ್ಮ ಶೆಡ್ಡಿಗೆ ಬರುವವರು ಮೊದಲು ನನ್ನ ಗಂಡನನ್ನು ಹುಡುಕುತ್ತಾರೆ, ಕಾಫಿ ಕುಡಿಯುತ್ತಾರೆ, ನಗುನಗುತ್ತಾ ಮಾತಾಡುತ್ತಾರೆ. ಆಮೇಲೆ ನನ್ನ ಮೇಜಿನ ಹತ್ತಿರ ಬರುವಷ್ಟರಲ್ಲಿ ಮುಖ ಸಪ್ಪಗಾಗಿರುತ್ತದೆ. ಶಾಫ್ಟೋ, ಬುಷ್ಷೋ, ಗೇರೋ, ನಮ್ಮಲ್ಲಿ ಏನೇ ತಯಾರಾದರೂ ಹೊರಗೆ ಹೋಗುವ ಮುಂಚೆ ಅಳತೆ ನೋಡುವ ನನ್ನ ಮೈಕ್ರೋಮೀಟರಿನ ಬಾಯಿಗೆ ಸಿಕ್ಕಿಯೇ ಹೋಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಅದನ್ನೆತ್ತಿ ಕೆಂಪು ಡಬ್ಬಕ್ಕೆ ಹಾಕಿಬಿಡುತ್ತೇನೆ. ಸರಿಯಿದ್ದರೆ ಹಸಿರು ಬಣ್ಣದ ಒಂದು ಚುಕ್ಕೆ ಇಡುತ್ತೇನೆ. ಕೆಲಸದವರು ನನಗೆ ‘ರಿಜೆಕ್ಟ್ ಮೇಡಂ’ ಎಂದು ಹೆಸರಿಟ್ಟಿರುವುದು ನನಗೆ ಗೊತ್ತು. ಬೇಜಾರೇನಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ. ಅಲ್ಲಾಡುವ ವಸ್ತು ಕಂಡರೆ ನನಗಾಗುವುದಿಲ್ಲ. ಹೋಟೆಲಿನಲ್ಲಿ ಕುಂಟುವ ಮೇಜು ಸಿಕ್ಕಿದರೆ ಕಾಲಿನ ಕೆಳಗೆ ಪೇಪರು ಮಡಿಸಿ ಇಡದೆ ದೋಸೆ ಮುಟ್ಟುವವಳಲ್ಲ.

ಇಂಥ ನಾನು ಒಂದೇ ಒಂದು ಸಲ ಗಡಗಡ ಅಲ್ಲಾಡುವ ಮಿಷಿನ್ನಿಗೆ ನನ್ನ ಕೈಯಾರೆ ಹಸಿರು ಚುಕ್ಕೆ ಇಟ್ಟೆ. ಅದು ಹೇಗಾಯಿತು ಎಂದು ಹೇಳಬೇಕಾದರೆ ಅಕ್ಕನಿಂದಲೇ ಶುರುಮಾಡಬೇಕು.

ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ ಅಕ್ಕ ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಾಳೆ. ಮನೆಯ ಹಿಂದಿನ ತಗಡಿನ ಮಾಡಿನಲ್ಲಿ ಒಂದು ಒಲೆ, ಒಲೆಯ ಮೇಲೆ ಕುದಿನೀರಿನ ಬಾಂಡಲಿ, ಪಕ್ಕದಲ್ಲಿ ಮರದ ಚರಕ. ಬಿಸಿನೀರಿನಲ್ಲಿ ಮೆತ್ತಗಾದ ಗೂಡುಗಳಿಂದ ಎಳೆಯ ತುದಿ ಹಿಡಿದು, ಏಳೆಂಟು ಎಳೆಗಳನ್ನು ಒಂದು ಮಾಡಿ, ಪಿಂಗಾಣಿ ಗುಂಡಿಯ ಸಣ್ಣ ತೂತಿನಲ್ಲಿ ದಾಟಿಸಿ ರಾಟೆಗೆ ಬಿಡುವುದು ಅವಳ ಕೆಲಸ. ಆಚೆ ಕೂತು ಹಿಡಿಯಿಂದ ರಾಟೆ ತಿರುಗಿಸುವುದು ಭಾವನ ಕೆಲಸ. ಎಳೆಯಲ್ಲಿ ಗಂಟು ಬಂದು ತೂತಿನಲ್ಲಿ ಸಿಕ್ಕಿಕೊಂಡರೆ ಅಕ್ಕ ‘ತಡಿ’ ಎನ್ನುತ್ತಾಳೆ. ಭಾವ ಕೈ ಬಿಡುತ್ತಾರೆ. ರಾಟೆ ನಿಲ್ಲುತ್ತದೆ. ಅಕ್ಕ ಗಂಟು ಬಿಡಿಸಿ ತಲೆಯಾಡಿಸಿದರೆ ಮತ್ತೆ ಶುರು. ಮದುವೆಯಾದಾಗಿನಿಂದ ಆ ಇಬ್ಬರ ಸಂಸಾರ ನಡೆದಿದ್ದು ಈ ಒಂದು ಮಾತು ಮತ್ತು ಒಂದು ತಲೆಯಾಟದ ಮೇಲೆ.

ನಾನು ಚಿಕ್ಕವಳಿದ್ದಾಗ ಅದೇ ಒಲೆಯ ಹತ್ತಿರ ಬೆಚ್ಚಗೆ ಕೂತು ಅಕ್ಕನಿಗೆ ಮಗ್ಗಿ ಒಪ್ಪಿಸುತ್ತಿದ್ದೆ. ತಪ್ಪಿದರೆ ಅವಳು ಬಾಂಡಲಿಯಿಂದ ಕಣ್ಣೆತ್ತದೆ ‘ತಡಿ’ ಎನ್ನುತ್ತಿದ್ದಳು. ನಾನೂ ನಿಲ್ಲುತ್ತಿದ್ದೆ, ಅತ್ತ ಭಾವನೂ ನಿಲ್ಲಿಸುತ್ತಿದ್ದರು. “ಅವಳಿಗಂದಿದ್ದು ಮಾವಾ, ನೀನ್ಯಾಕ್ ನಿಲ್ಸ್ದೆ?” ಎಂದು ಅವರಿಗೆ ಬೈಗುಳ. “ಯಾರಿಗಂದೆ ಅಂತ ನಂಗೆಂಗೆ ಗೊತ್ತಾಗ್ಬೇಕೆ?” ಎಂದು ಅವರು. ಬೀದಿಯ ನಾಯಿಗಳು ಕೂಡ ಅಕ್ಕನ ‘ತಡಿ’ಗೆ ನಿಲ್ಲುತ್ತಿದ್ದವು.

ಹೀಗಿರುವಾಗ ಭಾವನ ಬಲ ಭುಜ ಕೈಕೊಟ್ಟಿತು. ಇನ್ನು ಮೇಲೆ ರಾಟೆ ತಿರುಗಿಸುವ ಹಾಗಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಊರಿನಲ್ಲಿ ಆ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲ. ಕೈಕಾಲು ಗಟ್ಟಿಯಿದ್ದವರೆಲ್ಲ ಬೆಳಗಾದರೆ ಬೈಕು ಹತ್ತಿ ನೆಲಮಂಗಲದ ಗೋಡೌನುಗಳಿಗೆ ಹೋಗುತ್ತಾರೆ. ಮೋಟಾರಿನ ದೊಡ್ಡ ಮಿಷಿನ್ನು ತರೋಣವೆಂದರೆ ಅದಕ್ಕೆ ಅಕ್ಕನ ಮಾಡು ಸಾಲದು, ಅದನ್ನು ನಡೆಸಲು ಮತ್ತೆ ಆಳೇ ಬೇಕು.

ದಸರಾ ಮುಗಿದ ಒಂದು ಭಾನುವಾರ ಅಕ್ಕ ರಾಜಗೋಪಾಲನಗರದ ನಮ್ಮ ಮನೆಗೆ ಬಂದಳು. ಕೂತವಳೇ ಸೆರಗಿನ ಗಂಟಿನಿಂದ ಒಂದು ಕವರು ತೆಗೆದಳು. ಒಳಗೆ ಪಾಸ್‌ಪೋರ್ಟ್ ಸೈಜಿನ ಫೋಟೋಗಳು. ಫೋಟೋದವನು ಕಣ್ಣು ಬಿಡಿ ಎಂದಿದ್ದಕ್ಕೆ ಸಿಕ್ಕಾಪಟ್ಟೆ ಬಿಟ್ಟಿದ್ದಳು. ಅವನ ಮೇಲೇ ರೇಗಿದ ಹಾಗೆ ಕಾಣುತ್ತಿತ್ತು.

“ಗಾರ್ಮೆಂಟ್ಸ್‌ಗೆ ಸೇರ್ಕತೀನಿ ಕಣೆ. ದೀಪಾವಳಿ ಕಳುದ್ ಮ್ಯಾಲೆ ಬಾ ಅಂದವ್ರೆ. ಇಲ್ಲೇ ನಿಮ್ಮನೆ ತಾವ ಒಂದು ರೂಮ್ ನೋಡು” ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಗಾರ್ಮೆಂಟ್ಸ್ ಕೆಲಸ ಕೀಳೆಂದಲ್ಲ. ನಮ್ಮ ಬೀದಿಯ ಅರ್ಧದಷ್ಟು ಹೆಂಗಸರು ಅಲ್ಲಿಗೇ ಹೋಗುತ್ತಾರೆ, ಗಟ್ಟಿಗಿತ್ತಿಯರು. ಆದರೆ ಅಕ್ಕ ಬೇರೆ. ಅವಳ ಒಲೆಗೆ ಅವಳೇ ಯಜಮಾನಿ. ಗೂಡು ಆರಿಸುವವಳು ಅವಳು, ನೂಲಿನ ದಪ್ಪ ನಿರ್ಧರಿಸುವವಳು ಅವಳು, ಮಧ್ಯಾಹ್ನ ಒಂದು ಗಳಿಗೆ ಮಲಗಬೇಕೋ ಬೇಡವೋ ಎಂದು ಹೇಳುವವಳೂ ಅವಳೇ. ಅವಳು ಇನ್ನೊಬ್ಬರು ಹೊಡೆದ ಗಂಟೆಗೆ ಎದ್ದು ಕೂರುವುದನ್ನು ನನ್ನಿಂದ ಊಹಿಸಲೂ ಆಗಲಿಲ್ಲ.

“ಅಲ್ಲಿ ನೀನು ಯಾರಿಗೆ ತಡಿ ಅಂತೀಯೇ?” ಎಂದು ಕೇಳಿದೆ.

“ಅಲ್ಲಿ ಅವ್ರು ನಂಗಂತಾರೆ” ಎಂದಳು ಅಕ್ಕ. ನಗುತ್ತಲೇ ಹೇಳಿದಳು. ಆಮೇಲೆ ಫೋಟೋಗಳನ್ನು ಕವರಿಗೆ ಹಾಕಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು.

ಅದೇ ವಾರ ನಮ್ಮ ಕಡೆಯ ಸಣ್ಣ ಕೈಗಾರಿಕೆಯವರಿಗೆಂದು ಒಂದು ತರಬೇತಿ ಇತ್ತು. ಜಪಾನಿನಿಂದ ಒಬ್ಬ ವಯಸ್ಸಾದ ಮೇಷ್ಟ್ರು ಬಂದಿದ್ದರು. ಸ್ಪ್ಯಾನರನ್ನು ಎಲ್ಲಿಂದ ತೆಗೆದಿರೋ ಅಲ್ಲೇ ಇಡಿ, ನೆಲಕ್ಕೆ ಎಣ್ಣೆ ಬಿದ್ದರೆ ಆಗಲೇ ಒರೆಸಿ ಎಂದು ಹೇಳಿಕೊಡುವುದು ಅವರ ಕೆಲಸ. ಮಿಕ್ಕವರಿಗೆ ಶಿಕ್ಷೆ, ನನಗೆ ಹಬ್ಬ. ಕೊನೆಯ ದಿನ ಊಟಕ್ಕೆ ಬಿಸಿಬೇಳೆಬಾತು, ಅದರ ಮೇಲೆ ಮೊಸರನ್ನ. ಮಧ್ಯಾಹ್ನ ಅರ್ಧ ಹಾಲು ತೂಕಡಿಸುತ್ತಿತ್ತು. ಮೇಷ್ಟ್ರು ಅದನ್ನು ನೋಡಿ, ಪಾಠದ ಚಿತ್ರಗಳನ್ನು ನಿಲ್ಲಿಸಿ, ನಮ್ಮೂರಿನ ಕತೆ ಹೇಳಲೇ ಎಂದು ಕೇಳಿದರು. ಅವರ ಮಾತನ್ನು ತಿರುಗಿಸಿ ಹೇಳುತ್ತಿದ್ದ ಹುಡುಗಿ ನಮ್ಮ ಬೆಂಗಳೂರಿನವಳೇ. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಹೇಳುತ್ತಿದ್ದವಳು, ಕತೆ ಎಂದ ಕೂಡಲೇ ಕನ್ನಡಕ್ಕೆ ಬಂದಳು.

ಅವರದು ಬೆಟ್ಟಗಳ ನಡುವಿನ ಊರಂತೆ. ಅಜ್ಜಿಯ ಅಜ್ಜಿಯ ಕಾಲದಲ್ಲಿ ಅಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಮನೆಮನೆಯಲ್ಲಿ ಕೈರಾಟೆ. ನನ್ನ ನಿದ್ದೆ ಹಾರಿಹೋಯಿತು. ಆಗಷ್ಟೇ ಜಪಾನು ಹೊರಗಿನವರ ಜೊತೆ ವ್ಯಾಪಾರಕ್ಕೆ ಬಾಗಿಲು ತೆಗೆದಿತ್ತು. ಪರದೇಶದವರಿಗೆ ರೇಷ್ಮೆ ಬೇಕು, ಆದರೆ ಕೈರಾಟೆಯ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಹಾಗಾಗಿ ಸರ್ಕಾರವೇ ಫ್ರಾನ್ಸಿನಿಂದ ಕಬ್ಬಿಣದ ಮಿಷಿನ್ನುಗಳನ್ನು, ಜೊತೆಗೆ ಕಲಿಸುವವರನ್ನೂ ತರಿಸಿ, ಇಟ್ಟಿಗೆ ಗೋಡೆ, ಗಾಜಿನ ಕಿಟಕಿಗಳ ದೊಡ್ಡ ಮಾದರಿ ಕಾರ್ಖಾನೆಯನ್ನು ಕಟ್ಟಿಸಿತು. ಎಲ್ಲ ತಯಾರಾದರೂ ಕೆಲಸಕ್ಕೆ ಹುಡುಗಿಯರು ಬರಲೊಲ್ಲರು. ಆ ಬಿಳಿಯರು ಊಟದ ಜೊತೆ ಕೆಂಪು ದ್ರಾಕ್ಷಾರಸ ಕುಡಿಯುವುದನ್ನು ಯಾರೋ ನೋಡಿದ್ದರು. ಅವರು ರಕ್ತ ಕುಡಿಯುತ್ತಾರೆ, ಹುಡುಗಿಯರನ್ನು ಕಳಿಸಬೇಡಿ ಎಂದು ಊರೂರಿಗೆ ಸುದ್ದಿ ಹಬ್ಬಿತ್ತಂತೆ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತು ನಕ್ಕರು.

ನಿಧಾನಕ್ಕೆ ಹುಡುಗಿಯರು ಬಂದರು, ಕಲಿತರು, ಕಲಿತದ್ದನ್ನು ತಮ್ಮ ತಮ್ಮ ಊರಿಗೆ ಹೊತ್ತುಕೊಂಡು ಹೋದರು. ಬೆಟ್ಟದ ಊರುಗಳವರೂ ಕಾರ್ಖಾನೆಗೆ ಬಂದು ಕಣ್ತುಂಬ ನೋಡಿಕೊಂಡು ಹೋದರು. ಅಂಥ ಮಿಷಿನ್ನು ತರಿಸುವ ತಾಕತ್ತು ಅವರಿಗೆಲ್ಲಿಂದ ಬರಬೇಕು? ಊರಿನ ಬಡಗಿಯನ್ನು ಕರೆದು ಅದನ್ನೇ ಮರದಲ್ಲಿ ಮಾಡಿಸಿದರು. ಕುದಿನೀರಿಗೆ ಲೋಹದ ತೊಟ್ಟಿಯ ಬದಲು ಕುಂಬಾರನ ಮಣ್ಣಿನ ಬಾನಿ ಇಟ್ಟರು. ಹಬೆಯ ಇಂಜಿನ್ನಿನ ಬದಲು ಊರ ತೊರೆಗೆ ನೀರುಚಕ್ರ ಹಾಕಿದರು. ಹೊಲವಿದ್ದವರು, ಅಂಗಡಿಯಿಟ್ಟವರು, ನಾಲ್ಕಾರು ಮನೆಗಳು ಸೇರಿ ಕಣಿವೆ ಕಣಿವೆಯಲ್ಲೂ ಸಣ್ಣ ಸಣ್ಣ ಕಾರ್ಖಾನೆ ಎಬ್ಬಿಸಿದರು. ಒಬ್ಬೊಬ್ಬರ ನೂಲು ಒಂದೊಂದು ಥರ ಇದ್ದರೆ ಕೊಳ್ಳುವವರು ಮೂಗು ಮುರಿಯುತ್ತಾರೆಂದು, ಎಲ್ಲರ ನೂಲನ್ನೂ ಒಂದೇ ಕಡೆಗೆ ತಂದು, ಮತ್ತೆ ಸುತ್ತಿ, ಪರೀಕ್ಷೆ ಮಾಡಿ ಕಳಿಸುತ್ತಿದ್ದರಂತೆ. ಆ ಪರೀಕ್ಷೆ ಮಾಡುತ್ತಿದ್ದವರಿಗೆ ನಾನು ಕೂತಲ್ಲಿಂದಲೇ ಮನಸ್ಸಿನಲ್ಲಿ ಕೈಮುಗಿದೆ.

ಎಲ್ಲವೂ ಚೆಂದವಿರಲಿಲ್ಲ ಎಂದೂ ಮೇಷ್ಟ್ರು ಹೇಳಿದರು. ಕಾರ್ಖಾನೆಗಳು ದೊಡ್ಡದಾದ ಹಾಗೆ ಹುಡುಗಿಯರನ್ನು ಕತ್ತಲಿಂದ ಕತ್ತಲವರೆಗೆ ದುಡಿಸಿದರು. ಅವರ ಸ್ವಂತ ಅಜ್ಜಿ ಅಲ್ಲಿ ಕೆಲಸ ಮಾಡಿದವರು. ಮುದುಕಿಯಾದ ಮೇಲೂ ಅವರ ಬೆರಳ ತುದಿಗಳು ಬಿಳಿಚಿಕೊಂಡೇ ಇದ್ದವಂತೆ. ನನಗೆ ಅಕ್ಕನ ಬೆರಳುಗಳೇ ಕಣ್ಣ ಮುಂದೆ ಬಂದವು.

ಕಡೆಯಲ್ಲಿ ಅವರು ಆ ಮರದ ಮಿಷಿನ್ನಿನ ಒಂದು ಹಳೆಯ ಫೋಟೋ ತೋರಿಸಿದರು. ಒಂದು ಚೌಕಟ್ಟು, ಒಂದು ಬಾನಿ, ಮೇಲೊಂದು ರಾಟೆ, ರಾಟೆಯನ್ನು ತಿರುಗಿಸಲು ಒಂದು ಹಗ್ಗ. ಒಬ್ಬಳೇ ಹೆಂಗಸು ಅದರ ಮುಂದೆ ಕೂತಿದ್ದಳು. ಆಚೆ ಕಡೆ ತಿರುಗಿಸುವವರು ಯಾರೂ ಇರಲಿಲ್ಲ. ನಾನು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಕೈಯೆತ್ತಿದೆ.

“ಮರದ್ದಲ್ವಾ ಸಾರ್, ಅಲ್ಲಾಡ್ತಾ ಇರ್ಲಿಲ್ವಾ?”

ಹುಡುಗಿ ಜಪಾನಿಯಲ್ಲಿ ಕೇಳಿದಳು. ಮೇಷ್ಟ್ರು ಬಾಯ್ತುಂಬ ನಕ್ಕು ಏನೋ ಹೇಳಿದರು. “ಅಲ್ಲಾಡ್ತಿತ್ತಂತೆ ಮೇಡಂ, ತುಂಬಾ ಅಲ್ಲಾಡ್ತಿತ್ತಂತೆ” ಎಂದಳು ಹುಡುಗಿ. ಪಾಪ ಅನ್ನಿಸಿತು ನನಗೆ. ಕಬ್ಬಿಣ ಕಡೆಯುವ ಒಂದು ಲೇತು ಇದ್ದಿದ್ದರೆ ಆ ಜನ ಇನ್ನೆಷ್ಟು ಮಾಡುತ್ತಿದ್ದರೋ ಎಂದುಕೊಂಡೆ.

ಆ ಕತೆ ಬೇರೆಯವರಿಗೆ ದೂರದ್ದೆನಿಸಿರಬಹುದು, ನನಗೆ ಪಕ್ಕದ ಬೀದಿಯದ್ದೆನಿಸಿತು. ಪೀಣ್ಯದಲ್ಲಿ ಮುಕ್ಕಾಲು ಪಾಲು ಜನ ಹೀಗೇ ಶುರುಮಾಡಿದವರು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತು, ಹೊರಗೆ ಬಂದು, ಒಂದು ಹಳೆ ಲೇತು ಇಟ್ಟುಕೊಂಡವರು. ನನ್ನ ಗಂಡನೂ ಅವರಲ್ಲೊಬ್ಬ. ನಮ್ಮ ಶೆಡ್ಡು ಇರುವ ಜಾಗ ಮೊದಲು ರಾಗಿ ಹೊಲವಾಗಿತ್ತು. ಅದರ ಮಾಲೀಕರು ಬಾಡಿಗೆ ವಸೂಲಿಗೆ ಬರುವಾಗ ಮನೆಯಲ್ಲಿ ಇಂದಿಗೂ “ಒಲದ್ ತಾವ ಓಗ್ ಬತ್ತೀನಿ” ಎಂದೇ ಹೇಳಿ ಹೊರಡುತ್ತಾರೆ.

ಮನೆಗೆ ಬಂದು ಗಂಡನ ಮುಂದೆ ಫೋನು ಹಿಡಿದೆ. “ಅಕ್ಕನಿಗೆ ಇಂಥದ್ದೊಂದು ಮಾಡಿಕೊಡ್ರೀ, ಸಣ್ಣ ಮೋಟಾರು ಹಾಕಿ. ದೀಪಾವಳಿಯೊಳಗೆ ಆಗ್ಬೇಕು.”

“ಹುಚ್ಚೇನೇ ನಿಂಗೆ? ಇರೋ ಆರ್ಡರ್ರೇ ಮುಗೀತಿಲ್ಲ” ಎಂದು ಅವರು ಟೀವಿ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಫೋನು ಕೊಡು ಎಂದರು. ಆಮೇಲೆ ಟೀವಿ ಆರಿಸಿದರು. ಊಟದ ಹೊತ್ತಿಗೆ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆಯುತ್ತಾ ಕೂತಿದ್ದರು. ನನ್ನ ಗಂಡನನ್ನು ಒಪ್ಪಿಸುವುದು ಕಷ್ಟವಿಲ್ಲ, ನಿಲ್ಲಿಸುವುದೇ ಕಷ್ಟ.

ಮಾರನೆಯ ದಿನ ನಮ್ಮ ಫೋರ್‌ಮನ್ನೂ ಸೇರಿಕೊಂಡ. ಬಾಗಲಕೋಟೆ ಕಡೆಯವನು. ಬಂದ ಹೊಸತರಲ್ಲಿ ಹೆಲ್ಪರ್ ಆಗಿದ್ದವನು, ಈಗ ಅವನ ಕೈಯ ಕೆಲಸಕ್ಕೆ ನಾನೂ ಕೆಂಪು ಡಬ್ಬ ತೋರಿಸುವುದು ಅಪರೂಪ. ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾನೆ. ಫೋಟೋ ನೋಡಿ ಲೊಚಗುಟ್ಟಿದ. “ಹಗ್ಗಾ ಕಟ್ಟ್ಯಾರಲ್ರೀ ಅಕ್ಕಾರ! ಇದು ಮಿಷಿನ್ನೋ ಎಮ್ಮಿಯೋ? ನಾವು ಗೇರ್ ಹಾಕೂಣ್ರಿ, ಒಂದಿಷ್ಟೂ ಜಾರಂಗಿಲ್ಲ.”

ಸರಿ, ಹಗ್ಗ ಹೋಗಿ ಗೇರು ಬಂತು. ಮರ ಹೋಗಿ ಉಕ್ಕು ಬಂತು. ಮಣ್ಣಿನ ಬಾನಿ ಹೋಗಿ ಸ್ಟೀಲಿನ ತೊಟ್ಟಿ ಬಂತು. ಪೀಣ್ಯದ ಅಭ್ಯಾಸವೇ ಅದು, ಒಂದು ವಸ್ತು ಒಂದೇ ಶೆಡ್ಡಿನಲ್ಲಿ ಹುಟ್ಟುವುದಿಲ್ಲ. ಗೇರಿನ ಹಲ್ಲು ಕತ್ತರಿಸಲು ಒಂದು ಕಡೆ, ಶಾಫ್ಟಿಗೆ ಗ್ರೈಂಡಿಂಗ್ ಹೊಡೆಯಲು ಇನ್ನೊಂದು ಕಡೆ, ಹೊಳಪು ಕೊಡಲು ಮತ್ತೊಂದು ಕಡೆ. ನಮ್ಮ ರಸ್ತೆಯ ಎಲ್ಲ ಶೆಡ್ಡುಗಳಿಗೂ ಸುದ್ದಿ ಮುಟ್ಟಿತು. ಮೇಡಮ್ಮಿನ ಅಕ್ಕನಿಗಂತೆ ಎಂದು ಎಲ್ಲರೂ ತಮ್ಮ ಕೆಲಸ ಬಿಟ್ಟು ಮಾಡಿಕೊಟ್ಟರು. ಎಲ್ಲರೂ ಕೇಳಿದ್ದಕ್ಕಿಂತ ಚೆನ್ನಾಗಿಯೇ ಮಾಡಿಕೊಟ್ಟರು. ವಿಮಾನಕ್ಕೆ ಹಾಕುವ ಮಟ್ಟದ ಬೇರಿಂಗನ್ನು ಒಬ್ಬರು ಉಡುಗೊರೆಯಾಗಿ ತಂದರು. ನಾನು ನನ್ನ ಪಾಲಿನದನ್ನೂ ಮಾಡಿದೆ. ಶಾಫ್ಟು ಕೂರುವ ಒಂದು ಬುಷ್ಷು ಕಣ್ಣಿಗೆ ಕಾಣದಷ್ಟು ಸಡಿಲವಿತ್ತು, ಕೆಂಪು ಡಬ್ಬಕ್ಕೆ ಹಾಕಿದೆ. ಫೋರ್‌ಮನ್ ಇನ್ನೊಂದು ಮಾಡಿದ, ಅದನ್ನೂ ಹಾಕಿದೆ. ಅಕ್ಕನ ಮಿಷಿನ್ನಿನಲ್ಲಿ ಒಂದು ಕೂದಲೂ ಆಚೀಚೆ ಆಗಕೂಡದು.

ಮುಗಿದ ಮೇಲೆ ಅದನ್ನು ನೋಡಬೇಕಿತ್ತು. ಥೇಟ್ ಆಪರೇಷನ್ ಥಿಯೇಟರಿನಿಂದ ತಂದ ಹಾಗೆ ಫಳಫಳ ಹೊಳೆಯುತ್ತಿತ್ತು. ರಾಟೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಂಬವನ್ನು ಅಲ್ಲಾಡಿಸಿದ ಹಾಗೆ. ನಾನು ಹಸಿರು ಚುಕ್ಕೆ ಇಟ್ಟೆ. ಅಲ್ಲಿಯವರೆಗೆ ನಾನಿಟ್ಟ ಚುಕ್ಕೆಗಳಲ್ಲೇ ಅದು ಅತಿ ಸಂತೋಷದ್ದು.

ದೀಪಾವಳಿಗೆ ಮುಂಚಿನ ಭಾನುವಾರ ಅಕ್ಕ ಭಾವ ಇಬ್ಬರೂ ಬಂದರು. ಅಕ್ಕನ ತಲೆಯ ಮೇಲೆ ರಾಮನಗರದ ಮಾರುಕಟ್ಟೆಯಿಂದ ತಂದ ಗೂಡಿನ ಮೂಟೆ. ಗ್ಯಾಸ್ ಒಲೆ ಹಚ್ಚಿ ತೊಟ್ಟಿಯಲ್ಲಿ ನೀರು ಕಾಯಿಸಿ ಗೂಡು ಹಾಕಿದ್ದೇ ತಡ, ಬೆಂದ ಹುಳದ ವಾಸನೆ ಶೆಡ್ಡು ತುಂಬಿ ರಸ್ತೆಗೆ ಹೋಯಿತು. ಭಾನುವಾರವೂ ಕೆಲಸ ಮಾಡುತ್ತಿದ್ದ ಎದುರಿನ ಶೆಡ್ಡಿನವರು ಮೂಗು ಮುಚ್ಚಿಕೊಂಡು ಬಂದು ನೋಡಿದರು. ನನಗೆ ಮಾತ್ರ ಅದು ಮಗ್ಗಿ ಒಪ್ಪಿಸುತ್ತಿದ್ದ ದಿನಗಳ ವಾಸನೆ. ಭಾವನನ್ನು ಒಂದು ಸ್ಟೂಲಿನ ಮೇಲೆ, ರಾಟೆಯ ಆಚೆ ಕಡೆ, ಅವರ ಹಳೆಯ ಜಾಗದಲ್ಲೇ ಕೂರಿಸಿದ್ದೆವು.

ಅಕ್ಕ ಎಳೆ ಹಿಡಿದು ಗುಂಡಿಯ ತೂತಿನಲ್ಲಿ ದಾಟಿಸಿ ರಾಟೆಗೆ ಸಿಕ್ಕಿಸಿದಳು. ಗಂಡ ಸ್ವಿಚ್ಚು ಒತ್ತಿದರು. ಸದ್ದೇ ಇಲ್ಲದೆ ರಾಟೆ ತಿರುಗಿತು. ನೂಲು ಮಿಂಚುತ್ತಾ ಏರಿತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಒಂದು ಗಂಟು ಬಂದು ತೂತಿನಲ್ಲಿ ಸಿಕ್ಕಿಕೊಂಡಿತು.

“ತಡಿ” ಎಂದಳು ಅಕ್ಕ.

ರಾಟೆ ನಿಲ್ಲಲಿಲ್ಲ. ಟಪ್ಪೆಂದು ನೂಲು ಹರಿಯಿತು. ಅಕ್ಕ ಮತ್ತೆ ಜೋಡಿಸಿದಳು. ಮತ್ತೆ ಗಂಟು, ಮತ್ತೆ ‘ತಡಿ’, ಗಂಡ ಸ್ವಿಚ್ಚು ಆರಿಸುವಷ್ಟರಲ್ಲಿ ಮತ್ತೆ ಟಪ್. ಗಂಡ ವೇಗ ಕಡಿಮೆ ಮಾಡಿದರು. ನಿಧಾನವಾಗಿ ಹರಿಯಿತು, ಅಷ್ಟೆ. “ತಡಿ ಅಂದ್ರೆ ತಡಿ!” ಎಂದು ಅಕ್ಕ ಕೂಗಿದರೆ ರಸ್ತೆಯ ನಾಯಿ ನಿಂತಿತು, ಮಿಷಿನ್ನು ನಿಲ್ಲಲಿಲ್ಲ. ಪ್ರತಿ ಸಲವೂ ಭಾವನ ಎಡಗೈ ತಾನಾಗಿ ಮೇಲೇಳುತ್ತಿತ್ತು, ಏನೂ ಮಾಡಲಾಗದೆ ಕೆಳಗಿಳಿಯುತ್ತಿತ್ತು. ತೊಟ್ಟಿಯ ತುಂಬ ಹರಿದ ಎಳೆಗಳು ತೇಲಾಡಿದವು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಮಿಷಿನ್ನು ಸಂದಾಗದೆ ಕಣೆ. ಯಾರ್ ಮಾತೂ ಕೇಳಕಿಲ್ಲ, ಅಷ್ಟೇಯ” ಎಂದಳು. ಆಮೇಲೆ ಬಹಳ ಸಾಧಾರಣವಾಗಿ, “ಆ ರೂಮು ನೋಡಿದ್ಯಾ?” ಎಂದು ಕೇಳಿದಳು.

ನೋಡಿದ್ದೆ. ನಮ್ಮ ಮನೆಯಿಂದ ಮೂರನೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಒಂದು ರೂಮು. ಅಕ್ಕನಿಗೆಂದು ಆ ರೂಮನ್ನು ನೋಡಿ ಬಂದ ದಿನವೇ ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಈಗಲೂ ಅಳು ಬಂತು, ಆದರೆ ಎದುರಿನ ಶೆಡ್ಡಿನವರು ನೋಡುತ್ತಿದ್ದರೆಂದು ನುಂಗಿಕೊಂಡೆ. ಗಂಡ ಮತ್ತು ಫೋರ್‌ಮನ್ ಆಗಲೇ ಸೆನ್ಸರ್ ಹಾಕುವ ಮಾತು ಶುರುಮಾಡಿದ್ದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಬ್ಬ ಸ್ನೇಹಿತನಿದ್ದಾನೆ, ಬೋರ್ಡು ಮಾಡಿಕೊಡುತ್ತಾನೆ, ಹಬ್ಬ ಕಳೆದ ಮೇಲೆ ನೋಡೋಣ ಎನ್ನುತ್ತಿದ್ದರು. ಹಬ್ಬ ಕಳೆದ ಮೇಲೆ ಅಕ್ಕ ಗಾರ್ಮೆಂಟ್ಸಿನ ಗೇಟಿನೊಳಗೆ ಇರುತ್ತಾಳೆ ಎಂದು ನಾನು ರೇಗಿದೆ.

ಅಕ್ಕ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಜಪಾನಿನ ಮೇಷ್ಟ್ರ ಅಜ್ಜಿ ನೆನಪಾದರು. ಫೋನು ತೆಗೆದು ಆ ಹಳೆಯ ಫೋಟೋವನ್ನು ದೊಡ್ಡದು ಮಾಡಿ, ಆ ಹೆಂಗಸು ‘ತಡಿ’ ಎಂದು ಯಾರಿಗೆ ಹೇಳುತ್ತಿದ್ದಳೋ ಎಂದು ಹುಡುಕಿದೆ. ಆಚೆ ಕಡೆ ಯಾರೂ ಇಲ್ಲ. ಬರೀ ಹಗ್ಗ. ಆ ಹಗ್ಗವೂ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು. ಅದನ್ನು ನಾವೆಲ್ಲ ನೋಡಿಯೇ ಇದ್ದೆವು, ಬಿಗಿಯಾಗಿ ಕಟ್ಟಲು ಬಾರದವರು ಎಂದು ಮರುಕಪಟ್ಟು ಅದರ ಜಾಗಕ್ಕೆ ಗೇರು ಹಾಕಿದ್ದೆವು.

ಆಗ ಮೇಷ್ಟ್ರು ಬಾಯ್ತುಂಬ ನಕ್ಕಿದ್ದು ನೆನಪಾಯಿತು. ತುಂಬಾ ಅಲ್ಲಾಡುತ್ತಿತ್ತು ಎಂದು ಅವರು ಹೇಳಿದ್ದು ನಾಚಿಕೆಯಿಂದಲ್ಲ, ಹೆಮ್ಮೆಯಿಂದ. ಗಂಟು ಸಿಕ್ಕಿಕೊಂಡರೆ ನೂಲು ರಾಟೆಯನ್ನು ಹಿಡಿದುಕೊಳ್ಳುತ್ತದೆ. ಹಗ್ಗ ಸಡಿಲವಿದ್ದರೆ ಅದು ಗಾಲಿಯ ಮೇಲೆ ಸುಮ್ಮನೆ ಜಾರುತ್ತದೆ, ರಾಟೆ ನಿಂತು ಕಾಯುತ್ತದೆ, ನೂಲು ಉಳಿಯುತ್ತದೆ. ಭಾವನ ಕೈ ಮಾಡುತ್ತಿದ್ದ ಕೆಲಸವನ್ನೇ ಆ ಹಗ್ಗ ಮಾಡುತ್ತಿತ್ತು. ಆ ಬೆಟ್ಟದ ಜನ ಕಬ್ಬಿಣದ್ದನ್ನು ನೋಡಿ ಮರದಲ್ಲಿ ಮಾಡಿಕೊಂಡಿದ್ದರು. ಪೀಣ್ಯದ ನಾವು ಅದನ್ನು ಕಷ್ಟಪಟ್ಟು ವಾಪಸು ಕಬ್ಬಿಣಕ್ಕೆ ತಂದಿದ್ದೆವು.

“ರೀ, ಗೇರ್ ಬಿಚ್ರೀ!” ಎಂದು ಕಿರುಚಿದೆ.

ವಿವರಿಸಿ ಹೇಳುವಷ್ಟರಲ್ಲಿ ಗಂಡನ ಮುಖ ಅರಳಿತು. ಫೋರ್‌ಮನ್ನಿನ ಮುಖ ಬಾಡಿತು. “ಅಂದ್ರ ಬೇಕಂತಲೇ ಲೂಜ್ ಮಾಡೂದೇನ್ರೀ? ನನ್ ಕೈಯಿಂದ?” ಎಂದ. ಆದರೂ ಪುಣ್ಯಾತ್ಮ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮರದ ಮಂಚದ ಕಾಲನ್ನು ಲೇತಿಗೆ ಕಟ್ಟಿ ಗಾಲಿ ಮಾಡತೊಡಗಿದ. ಕಬ್ಬಿಣದ ಚೂರು ಮಾತ್ರ ಬಿದ್ದು ಗೊತ್ತಿದ್ದ ನಮ್ಮ ನೆಲದ ಮೇಲೆ ಮೊದಲ ಸಲ ಮರದ ಹೊಟ್ಟು ಬಿತ್ತು. ಹಗ್ಗಕ್ಕೇನು ಮಾಡುವುದು? ನೈಲಾನು ಜಾರುವುದೇ ಹೆಚ್ಚು, ರಬ್ಬರು ಜಾರುವುದೇ ಇಲ್ಲ. ಅಕ್ಕ ಎದ್ದು ರಸ್ತೆ ತುದಿಯ ಅಂಗಡಿಗೆ ಹೋಗಿ ಲಂಗಕ್ಕೆ ಹಾಕುವ ಹತ್ತಿಯ ಲಾಡಿ ತಂದಳು.

“ಲಂಗದ್ ಲಾಡಿಯೇನ್ರೀ!” ಎಂದು ಫೋರ್‌ಮನ್ ತಲೆಯ ಮೇಲೆ ಕೈಹೊತ್ತ. “ಅಕ್ಕಾರ, ಈ ಸುದ್ದಿ ನಮ್ ಶೆಡ್ ಬಿಟ್ಟು ಹೊರಗ ಹೋಗಬಾರದ್ ನೋಡ್ರಿ.” ಆದರೆ ಎದುರಿನ ಶೆಡ್ಡಿನವರು ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಲಾಡಿಯ ಎರಡು ತುದಿಗಳನ್ನು ಗಂಟಿಲ್ಲದಂತೆ ಅಕ್ಕನೇ ಸೂಜಿಯಲ್ಲಿ ಹೊಲಿದಳು. ಬಿಗಿಯಾದರೆ ನೂಲು ಹರಿಯಿತು, ಸಡಿಲವಾದರೆ ರಾಟೆ ತಿರುಗಲೇ ಇಲ್ಲ. ಗಂಡ ಮೋಟಾರನ್ನು ಹಿಂದೆ ಮುಂದೆ ಸರಿಸಿದರು. ಅಕ್ಕ ಲಾಡಿಯನ್ನು ಒಂದು ಬೆರಳಿನಿಂದ ಒತ್ತಿ, ಇನ್ನೊಂಚೂರು ಎಂದು ಹೇಳುತ್ತಾ ಹೋದಳು. ಅಂತೂ ಸಂಜೆಯ ಕಾಫಿ ಹೊತ್ತಿಗೆ ಅವಳು ಸಾಕು ಎಂದಳು.

“ಇನ್‌ಸ್ಪೆಕ್ಷನ್ ಮಾಡ್ರಿ ಅಕ್ಕಾರ” ಎಂದ ಫೋರ್‌ಮನ್. ಅವನ ದನಿಯಲ್ಲಿ ಸೇಡಿತ್ತು.

ನಾನು ಮಿಷಿನ್ನಿನ ಮುಂದೆ ನಿಂತು ರಾಟೆ ಹಿಡಿದು ಅಲ್ಲಾಡಿಸಿದೆ. ಗಡಗಡ ಎಂದಿತು. ಮಂಚದ ಕಾಲಿನ ಗಾಲಿ ಒಂದು ಕಡೆ ಓಲುತ್ತಿತ್ತು. ಲಾಡಿ ಜೋತುಬಿದ್ದಿತ್ತು. ಕೆಂಪು ಡಬ್ಬ ಕಾಲ ಪಕ್ಕದಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡು ಹಸಿರು ಚುಕ್ಕೆ ಇಟ್ಟೆ. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನನ್ನ ಗಂಡ ಶಿಳ್ಳೆ ಹಾಕುತ್ತಾರೆಂದು ನನಗೆ ಆವತ್ತೇ ಗೊತ್ತಾಗಿದ್ದು.

ಆಮೇಲೆ ಅಕ್ಕ ಕೂತಳು. ಭಾವನೂ ಸ್ಟೂಲು ಎಳೆದುಕೊಂಡು ತಮ್ಮ ಜಾಗದಲ್ಲಿ ಕೂತರು. ಮೋಟಾರು ಗುಂಯ್ ಎಂದಿತು, ರಾಟೆ ಒಲ್ಲದ ಮನಸ್ಸಿನಿಂದ ಹೊರಟಿತು, ನೂಲು ಏರತೊಡಗಿತು. ನಾನು ಆ ಪಿಂಗಾಣಿ ಗುಂಡಿಯನ್ನೇ ನೋಡುತ್ತಿದ್ದೆ. ಗಂಟು ಬರದಿರಲಿ ಎಂದು ಒಂದು ಮನಸ್ಸು, ಬೇಗ ಬರಲಿ ಎಂದು ಇನ್ನೊಂದು. ಬಂತು.

“ತಡಿ ಮಾವಾ” ಎಂದಳು ಅಕ್ಕ.

ಬಾಯಿಗೆ ಅಭ್ಯಾಸವಾದ ಮಾತು, ತಾನಾಗಿ ಬಂದುಬಿಟ್ಟಿತ್ತು. ಲಾಡಿ ಗಾಲಿಯ ಮೇಲೆ ಜಾರಿತು. ರಾಟೆ ನಿಂತಿತು. ನೂಲು ಹರಿಯದೆ, ಬಿಗಿದುಕೊಂಡು, ಹಾಗೇ ಕಾಯುತ್ತಾ ನಿಂತಿತು.

ಭಾವನ ಎಡಗೈ ಮೇಲೆದ್ದು ಗಾಳಿಯಲ್ಲೇ ಇತ್ತು. ಅವರು ಅದನ್ನು ನೋಡಿಕೊಂಡರು, ರಾಟೆಯನ್ನು ನೋಡಿದರು, ಅಕ್ಕನನ್ನು ನೋಡಿದರು. “ನಾ ಮುಟ್ಟೇ ಇಲ್ಲ ಕಣೆ” ಎಂದರು.

ಅಕ್ಕ ಬೆರಳ ತುದಿಯಿಂದ ಗಂಟು ಬಿಡಿಸಿದಳು. ಎಂದಿನಂತೆ ತಲೆಯಾಡಿಸಿದಳು. ನೂಲು ಸಡಿಲಾಗಿದ್ದೇ ಲಾಡಿ ಗಾಲಿಯನ್ನು ಹಿಡಿಯಿತು, ರಾಟೆ ಮತ್ತೆ ಹೊರಟಿತು. ಭಾವ ಕೈಯನ್ನು ನಿಧಾನಕ್ಕೆ ತೊಡೆಯ ಮೇಲೆ ಇಟ್ಟುಕೊಂಡು ನಗತೊಡಗಿದರು. “ನಂಗಿಂತ ಇದೇ ನಿನ್ ಮಾತು ಸಂದಾಗಿ ಕೇಳ್ತದೆ ಕಣೆ” ಎಂದರು. ಅವರ ಕಣ್ಣು ತೇವವಾಗಿತ್ತು. ನನ್ನದಂತೂ ಕೋಡಿ ಬಿದ್ದಿತ್ತು, ಈ ಸಲ ಯಾರು ನೋಡಿದರೂ ಚಿಂತೆಯಿರಲಿಲ್ಲ.

ಅಕ್ಕ ಅಳಲಿಲ್ಲ. ಬಲಗೈ ನೀರಿನಲ್ಲಿ ಎಳೆ ಹುಡುಕುತ್ತಿದ್ದಂತೆಯೇ ಎಡಗೈಯಿಂದ ಸೆರಗಿನ ಗಂಟು ಬಿಚ್ಚಿ, ಫೋಟೋಗಳ ಕವರನ್ನು ತೆಗೆದು, ನನ್ನ ಕಡೆ ಚಾಚಿದಳು. ಕಣ್ಣು ಮಾತ್ರ ಗೂಡುಗಳ ಮೇಲೇ ಇತ್ತು.

“ತಗಾ, ಇವನ್ನ ಎಲ್ಲಾದ್ರೂ ಮಡಗು. ಆ ರೂಮು ಬ್ಯಾಡ ಅಂತ ಏಳ್ಬುಡು.”